ಮರ್ಸಿ ತೀರದ ಹಾಡುಗಾರರು

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಮರ್ಸಿ ನದಿಯು ಐರಿಷ್ ಸಮುದ್ರವನ್ನು ಕೂಡುವ ಅಳಿವೆಯ ಪೂರ್ವದಂಡೆಯ ಮೇಲೆ ಲಿವರ್‌ಪೂಲ್ ನಗರವಿದೆ. ಈ ನಗರವನ್ನು ಮೊದಲ ಸಲ ನೋಡುವವರು ರೈಲಿನಿಂದಿಳಿದು ನೇರವಾಗಿ ಊರೊಳಕ್ಕೆ ಹೋಗಬಾರದು. ನದಿಯನ್ನು ದಾಟಿ ಆಚೆಯ ದಡಕ್ಕೆ ಹೋಗಿ, ಅಲ್ಲಿಂದ ಹಾಯಿಗಡ ದಾಟಿಸುವ ಹಡಗನ್ನು ಹತ್ತಿ ಮರಳಿ ಬರಬೇಕು. ಆಗ ನೀರಿನ ಮೇಲಿಂದ ಊರು ಮೆಲ್ಲಮೆಲ್ಲನೆ ಎದ್ದು ನಿಲ್ಲುವುದು ಕಾಣುತ್ತದೆ. ದಡದಲ್ಲಿ ಸಾಲಾಗಿ ಮೂರು ಭವ್ಯ ಕಟ್ಟಡಗಳು. ಅವುಗಳಲ್ಲಿ 1911ರಲ್ಲಿ ಮುಗಿದ ರಾಯಲ್ ಲಿವರ್ ಕಟ್ಟಡದ ಎರಡು ಗೋಪುರಗಳ ಮೇಲೆ ತಾಮ್ರದ ಎರಡು ಹಕ್ಕಿಗಳು ರೆಕ್ಕೆ ಬಿಚ್ಚಿ ಕುಳಿತಿವೆ. ಈ ಹಕ್ಕಿಗಳು ಹಾರಿಹೋದರೆ ಊರು ಉಳಿಯುವುದಿಲ್ಲವೆಂದು ಅಲ್ಲಿನ ಜನ ಹೇಳುತ್ತಾರೆ. ಹಕ್ಕಿಗಳೇನೋ ಹಾರಲಿಲ್ಲ. ಆದರೆ ಈ ಊರಿನಿಂದ ನಾಲ್ವರು ಹುಡುಗರು ಹಾರಿಹೋದರು. ಹಾರಿದವರು ಜಗತ್ತನ್ನೇ ಗೆದ್ದರು. ಅವರು ಹೋದ ಮೇಲೆ ಊರಿನ ಪಾಡೇನಾಯಿತು ಎಂಬುದೂ ಅವರ ಕಥೆಯಷ್ಟೇ ಸ್ವಾರಸ್ಯವಾದುದು.

ಆ ನಾಲ್ವರು ಬೀಟಲ್ಸ್ ಎಂಬ ಹೆಸರಿನ ರಾಕ್ ಸಂಗೀತದ ಮೇಳದವರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್.

ಬಂದರಿನ ಮಕ್ಕಳು

ಲಿವರ್‌ಪೂಲ್ ಹಡಗುಗಳಿಂದ ಬೆಳೆದ ಊರು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿನ ವರ್ತಕರು ಆಫ್ರಿಕದ ಮನುಷ್ಯರನ್ನು ಗುಲಾಮರನ್ನಾಗಿ ಸಾಗಿಸಿ ಹಣ ಮಾಡಿದರು. ಆ ಪಾಪದ ಚರಿತ್ರೆಯನ್ನು ಊರು ಈಗ ಮುಚ್ಚಿಡುವುದಿಲ್ಲ. 2007ರಲ್ಲಿ ಆಲ್ಬರ್ಟ್ ಹಡಗುಕಟ್ಟೆಯಲ್ಲಿ ಅದಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ತೆರೆಯಿತು. ಆಮೇಲಿನ ಶತಮಾನದಲ್ಲಿ ಹತ್ತಿ ಊರಿನ ಅನ್ನವಾಯಿತು. ಲ್ಯಾಂಕಷೈರಿನ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಇಲ್ಲಿಗೇ ಬಂದಿಳಿಯುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ, ನಮ್ಮ ಧಾರವಾಡದ ಸೀಮೆಯ ಹತ್ತಿಯೂ ಈ ಪೇಟೆಗೆ ಬಂದು, ‘ಧಾರವಾಡ’ ಎಂಬ ಹೆಸರಿನಿಂದಲೇ ಬೆಲೆ ಕಟ್ಟಿಸಿಕೊಂಡಿತು. ಗದಗು ಹುಬ್ಬಳ್ಳಿಗಳ ಕರಿಯ ನೆಲಕ್ಕೂ ಮರ್ಸಿಯ ಕೆಸರು ನೀರಿಗೂ ಹೀಗೊಂದು ಹಳೆಯ ನಂಟುಂಟು.

ನಮ್ಮ ಕಥಾನಾಯಕರಲ್ಲಿ ಮೂವರ ತಂದೆಯರು ಈ ಬಂದರಿನ ಋಣದಲ್ಲಿ ಬದುಕಿದವರು. ಲೆನನ್ನನ ತಂದೆ ಹಡಗಿನ ಕೆಲಸದವನು. ಮನೆಯಲ್ಲಿದ್ದುದಕ್ಕಿಂತ ಸಮುದ್ರದ ಮೇಲೆ ಇದ್ದುದೇ ಹೆಚ್ಚು. ಹ್ಯಾರಿಸನ್ನನ ತಂದೆ ಮೊದಲು ಹಡಗಿನಲ್ಲಿ ದುಡಿದು, ಅನಂತರ ನಗರದ ಬಸ್ಸು ಓಡಿಸಿದವನು. ಮೆಕಾರ್ಟ್ನಿಯ ತಂದೆ ಹತ್ತಿಯ ವ್ಯಾಪಾರದ ಕಚೇರಿಯಲ್ಲಿ ಮಾರಾಟಗಾರ. ಯೌವನದಲ್ಲಿ ಸ್ವಂತ ಜಾಜ್ ಮೇಳವನ್ನು ಕಟ್ಟಿ ಪಿಯಾನೋ ನುಡಿಸಿದ್ದ ರಸಿಕ. ಅಮೆರಿಕಕ್ಕೆ ಹೋಗಿಬರುವ ಹಡಗಿನ ನೌಕರರು ನ್ಯೂಯಾರ್ಕಿನಿಂದ ಹೊಸ ಹೊಸ ಗ್ರಾಮಫೋನ್ ತಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟು ತರುತ್ತಿದ್ದರೆಂದೂ, ಹೀಗಾಗಿ ಲಂಡನ್ನಿನವರು ಕೇಳದ ಹಾಡು ಲಿವರ್‌ಪೂಲಿನ ಹುಡುಗರ ಕಿವಿಗೆ ಬೀಳುತ್ತಿತ್ತೆಂದೂ ಊರಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

ರಿಂಗೋ ಹುಟ್ಟಿದ್ದು 1940ರ ಜುಲೈಯಲ್ಲಿ, ಲೆನನ್ ಅದೇ ವರ್ಷದ ಅಕ್ಟೋಬರಿನಲ್ಲಿ, ಮೆಕಾರ್ಟ್ನಿ 1942ರಲ್ಲಿ, ಹ್ಯಾರಿಸನ್ 1943ರಲ್ಲಿ. ಎಲ್ಲರೂ ಯುದ್ಧಕಾಲದ ಶಿಶುಗಳು. 1941ರ ಮೇ ತಿಂಗಳ ಮೊದಲ ವಾರದಲ್ಲಿ ಜರ್ಮನಿಯ ವಿಮಾನಗಳು ರಾತ್ರಿಯ ಮೇಲೆ ರಾತ್ರಿ ಬಾಂಬು ಸುರಿದು ಈ ಬಂದರನ್ನು ಸುಟ್ಟವು. ಮುರಿದ ಗೋಡೆಗಳ ನಡುವಿನ ಬಯಲುಗಳೇ ಆ ಪೀಳಿಗೆಯ ಮಕ್ಕಳಿಗೆ ಆಟದ ಮೈದಾನಗಳಾದವು. ಆದರೆ ಅದೃಷ್ಟವು ಒಂದು ವಿಷಯದಲ್ಲಿ ಅವರ ಪಕ್ಷವಹಿಸಿತು. 1939ರ ಅಕ್ಟೋಬರಿನ ಮೊದಲ ತಾರೀಖಿನಿಂದೀಚೆಗೆ ಹುಟ್ಟಿದ ಯುವಕರಿಗೆ ಕಡ್ಡಾಯ ಸೈನ್ಯಸೇವೆಯಿಂದ ಬಿಡುಗಡೆ ದೊರೆಯಿತು. ಕೆಲವೇ ವರ್ಷ ಮುಂಚೆ ಹುಟ್ಟಿದ್ದರೆ ಗಿಟಾರಿನ ಬದಲು ಬಂದೂಕು ಹಿಡಿಯಬೇಕಾಗುತ್ತಿತ್ತು.

ನಾಲ್ಕು ಮನೆಗಳು

ಮೇಳದವರು ಬೆಳೆದ ಮನೆಗಳನ್ನು ಈಗಲೂ ನೋಡಬಹುದು. ಆಂಗ್ಲರ ಸಮಾಜದ ಮೆಟ್ಟಿಲುಗಳನ್ನು ತಿಳಿಯಲು ಈ ಮನೆಗಳಿಗಿಂತ ಒಳ್ಳೆಯ ಪಾಠವಿಲ್ಲ. ಮೆನ್‌ಲವ್ ಅವೆನ್ಯೂ ರಸ್ತೆಯ 251ನೆಯ ಮನೆಯಲ್ಲಿ ಲೆನನ್ ತನ್ನ ದೊಡ್ಡಮ್ಮ ಮಿಮಿಯ ಆಶ್ರಯದಲ್ಲಿ ಬೆಳೆದನು. ಮುಂದೆ ತೋಟ, ಕಿಟಕಿಗೆ ಬಣ್ಣದ ಗಾಜು, ‘ಮೆಂಡಿಪ್ಸ್’ ಎಂಬ ಹೆಸರು. ನಾಲ್ವರ ಮನೆಗಳಲ್ಲಿ ಇದೇ ಅನುಕೂಲಸ್ಥರದು. ಅಲ್ಲಿಂದ ಕಾಲುನಡಿಗೆಯ ದೂರದಲ್ಲಿ, ಫೋರ್ತ್‌ಲಿನ್ ರಸ್ತೆಯ 20ನೆಯ ಸಂಖ್ಯೆಯದು ನಗರಸಭೆಯವರು ಬಾಡಿಗೆಗೆ ಕಟ್ಟಿಸಿದ ಸಾಲುಮನೆ, ಅದು ಮೆಕಾರ್ಟ್ನಿಯವರದು. ಇವೆರಡೂ ಈಗ ನ್ಯಾಷನಲ್ ಟ್ರಸ್ಟಿನ ರಕ್ಷಣೆಯಲ್ಲಿವೆ. ಅರಮನೆಗಳನ್ನೂ ಜಮೀನುದಾರರ ಬಂಗಲೆಗಳನ್ನೂ ಕಾಪಾಡುವ ಸಂಸ್ಥೆಯೊಂದು ಬಾಡಿಗೆಯ ಮನೆಯ ಅಡಿಗೆಕೋಣೆಯನ್ನು ಕಾಪಾಡುತ್ತಿದೆ! ಹ್ಯಾರಿಸನ್ ಹುಟ್ಟಿದ ಆರ್ನಲ್ಡ್ ಗ್ರೋವಿನ ಮನೆಯಾದರೋ ಇನ್ನೂ ಇಕ್ಕಟ್ಟಾದುದು. ಕೆಳಗೆರಡು ಮೇಲೆರಡು ಕೋಣೆ, ಹಿತ್ತಿಲಲ್ಲಿ ಕಕ್ಕಸು. ರಿಂಗೋ ಹುಟ್ಟಿದ ಮ್ಯಾಡ್ರಿನ್ ಬೀದಿ ಎಲ್ಲಕ್ಕಿಂತಲೂ ಬಡವರದು. ಬಾಲ್ಯದ ಎಷ್ಟೋ ತಿಂಗಳುಗಳನ್ನು ಆತ ಆಸ್ಪತ್ರೆಯ ಹಾಸಿಗೆಯಲ್ಲೇ ಕಳೆದನು. ರೋಗಿಗಳ ಬೇಸರ ಕಳೆಯಲೆಂದು ಕೊಟ್ಟ ವಾದ್ಯಗಳಿಂದಲೇ ಅವನಿಗೆ ತಾಳದ ಹುಚ್ಚು ಹಿಡಿಯಿತು.

ಲೆನನ್ ಮತ್ತು ಮೆಕಾರ್ಟ್ನಿಯರ ಸ್ನೇಹದ ಬೇರಿನಲ್ಲಿ ಒಂದು ದುಃಖವಿದೆ. ದಾದಿಯಾಗಿದ್ದ ಮೆಕಾರ್ಟ್ನಿಯ ತಾಯಿ 1956ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಮಗನಿಗಾಗ ಹದಿನಾಲ್ಕು ವರ್ಷ. ಲೆನನ್ನನ ತಾಯಿ ಜೂಲಿಯಾ, ಅಕ್ಕನ ಮನೆಗೆ ಬಂದು ಮಾತಾಡಿಸಿ ಹಿಂದಿರುಗುವಾಗ, 1958ರ ಜುಲೈಯಲ್ಲಿ ಅದೇ ಮೆನ್‌ಲವ್ ಅವೆನ್ಯೂವಿನಲ್ಲಿ ಕಾರಿಗೆ ಸಿಕ್ಕಿ ಮಡಿದಳು. ಮಗನಿಗೆ ಬ್ಯಾಂಜೋ ವಾದ್ಯದ ಮೇಲೆ ಮೊದಲ ಪಾಠ ಹೇಳಿದವಳು ಅವಳೇ. ತಬ್ಬಲಿಗಳಾದ ಇಬ್ಬರು ಹುಡುಗರು ಅದನ್ನು ಹೆಚ್ಚಾಗಿ ಮಾತಿನಲ್ಲಿ ಆಡಿಕೊಳ್ಳಲಿಲ್ಲ. ಎದುರುಬದುರು ಕುಳಿತು ಹಾಡು ಕಟ್ಟಿದರು.

ಚರ್ಚಿನ ಜಾತ್ರೆ

ವೂಲ್ಟನ್ ಎಂಬುದು ನಗರದ ಅಂಚಿನಲ್ಲಿರುವ, ಹಳ್ಳಿಯ ಚಹರೆ ಅಳಿಯದ ಬಡಾವಣೆ. ಅಲ್ಲಿನ ಕೆಂಪುಕಲ್ಲಿನ ಸೇಂಟ್ ಪೀಟರ್ ಚರ್ಚಿನಲ್ಲಿ 1957ರ ಜುಲೈ 6ರಂದು ವರ್ಷದ ಜಾತ್ರೆ. ಆ ದಿನ ಹಾಡಿದ ಮೇಳಗಳಲ್ಲಿ ‘ಕ್ವಾರಿಮೆನ್’ ಎಂಬುದೂ ಒಂದು. ಕ್ವಾರಿ ಬ್ಯಾಂಕ್ ಶಾಲೆಯ ವಿದ್ಯಾರ್ಥಿಯಾಗಿದ್ದ ಲೆನನ್ ಕಟ್ಟಿದ ಮೇಳವದು. ಆ ಕಾಲದಲ್ಲಿ ಲಾನಿ ಡಾನೆಗನ್ ಎಂಬ ಗಾಯಕ ‘ಸ್ಕಿಫ್ಲ್’ ಎಂಬ ಬಗೆಯ ಹಾಡುಗಾರಿಕೆಯನ್ನು ದೇಶದಲ್ಲೆಲ್ಲ ಹರಡಿದ್ದನು. ಅದಕ್ಕೆ ಸಂಗೀತಶಾಲೆಯ ಶಿಕ್ಷಣ ಬೇಡ, ಹಣವೂ ಬೇಡ. ಒಂದು ಅಗ್ಗದ ಗಿಟಾರು; ಬಟ್ಟೆ ಒಗೆಯುವ ಗೀರುಹಲಗೆಯ ಮೇಲೆ ಬೆರಳಿನಿಂದ ಉಜ್ಜಿದರೆ ತಾಳ; ಚಹಾ ತುಂಬಿ ಬಂದ ಮರದ ಪೆಟ್ಟಿಗೆಗೆ ಕಸಬರಿಕೆಯ ಕೋಲೊಂದನ್ನು ನಿಲ್ಲಿಸಿ ದಾರ ಬಿಗಿದರೆ ಮಂದ್ರಸ್ವರ. ಬಂದರಿನ ಊರಿನಲ್ಲಿ ಚಹಾದ ಪೆಟ್ಟಿಗೆಗೇನು ಬರ!

ಅಂದು ಸ್ನೇಹಿತನೊಬ್ಬ ಮೆಕಾರ್ಟ್ನಿಯನ್ನು ಕರೆತಂದು ಲೆನನ್ನನಿಗೆ ಪರಿಚಯ ಮಾಡಿಸಿದನು. ಒಬ್ಬನಿಗೆ ಹದಿನಾರು ವರ್ಷ, ಇನ್ನೊಬ್ಬನಿಗೆ ಹದಿನೈದು. ಎಡಚನಾದ ಮೆಕಾರ್ಟ್ನಿ ಚರ್ಚಿನ ಸಭಾಂಗಣದಲ್ಲಿ ಗಿಟಾರು ಹಿಡಿದು, ಕಠಿಣವಾದ ರಾಕ್ ಹಾಡೊಂದನ್ನು ಒಂದು ಮಾತೂ ತಪ್ಪದೆ ಹಾಡಿ ತೋರಿಸಿದನು. ಗಿಟಾರನ್ನು ಶ್ರುತಿಮಾಡಲೂ ಅವನಿಗೆ ಬರುತ್ತಿತ್ತು. ಬ್ಯಾಂಜೋವಿನ ಹಿಡಿತದಲ್ಲೇ ಗಿಟಾರು ನುಡಿಸುತ್ತಿದ್ದ ಲೆನನ್ನನಿಗೆ ಅದು ಬಾರದ ವಿದ್ಯೆ. ಮುಖ್ಯಸ್ಥನಾದ ತನಗಿಂತ ಬಲ್ಲವನನ್ನು ಮೇಳಕ್ಕೆ ಸೇರಿಸಿಕೊಳ್ಳಬೇಕೆ, ದೂರವಿಡಬೇಕೆ ಎಂದು ಲೆನನ್ ಯೋಚಿಸಿದನಂತೆ. ಕೊನೆಗೆ ಸೇರಿಸಿಕೊಂಡನು. ಆ ಹುಡುಗನ ಔದಾರ್ಯದ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಮರುವರ್ಷ ಮೆಕಾರ್ಟ್ನಿಯ ಶಾಲೆಯ ಬಸ್ಸಿನ ಸಂಗಾತಿ ಹ್ಯಾರಿಸನ್ ಸೇರಿದನು; ಎಳೆಯ ವಯಸ್ಸು ಅಡ್ಡಬಂದರೂ ಗಿಟಾರು ಅವನ ಪರವಾಗಿ ಮಾತಾಡಿತು. ಊರಿನ ಇನ್ನೊಂದು ತುದಿಯಲ್ಲಿ ಯಾರಿಗೋ ಹೊಸದೊಂದು ಸ್ವರಮೇಳದ ಹಿಡಿತ ಗೊತ್ತೆಂದು ಕೇಳಿ, ಅದನ್ನು ಕಲಿಯಲು ಬಸ್ಸು ಹತ್ತಿ ಹೋಗಿದ್ದುದನ್ನು ಮೆಕಾರ್ಟ್ನಿ ಮುಂದೆ ನೆನೆದಿದ್ದಾನೆ. ಅವರ ಗುರುಕುಲವೆಂದರೆ ಇಷ್ಟೇ.

ಮದರಾಸಿನಲ್ಲಿ ಹುಟ್ಟಿದವನು

ವೆಸ್ಟ್ ಡರ್ಬಿ ಬಡಾವಣೆಯ ಹೇಮನ್ಸ್ ಗ್ರೀನ್ ಬೀದಿಯಲ್ಲಿ ಹಳೆಯದೊಂದು ದೊಡ್ಡ ಮನೆಯಿದೆ. ಭಾರತದಲ್ಲಿ ಹುಟ್ಟಿ ಬೆಳೆದ ಮೋನಾ ಬೆಸ್ಟ್ ಎಂಬಾಕೆ, 1954ರ ಡರ್ಬಿ ಪಂದ್ಯದಲ್ಲಿ ಒಡವೆಗಳನ್ನು ಒತ್ತೆಯಿಟ್ಟು ‘ನೆವರ್ ಸೇ ಡೈ’ ಎಂಬ ಕುದುರೆಯ ಮೇಲೆ ಹಣ ಕಟ್ಟಿ ಗೆದ್ದು, ಆ ಹಣದ ಸಹಾಯದಿಂದ ಈ ಮನೆಯನ್ನು ಕೊಂಡಳೆಂದು ಪ್ರತೀತಿ. 1959ರ ಆಗಸ್ಟಿನಲ್ಲಿ ಆಕೆ ನೆಲಮಾಳಿಗೆಯನ್ನು ತರುಣರ ಕಾಫಿ ಕ್ಲಬ್ಬನ್ನಾಗಿ ಮಾಡಿ ‘ಕಾಸ್ಬಾ’ ಎಂದು ಹೆಸರಿಟ್ಟಳು. ಗೋಡೆ ಮಾಳಿಗೆಗಳಿಗೆ ಬಣ್ಣ ಬಳಿದವರು ಮೇಳದ ಹುಡುಗರೇ. ಆ ಬಣ್ಣ ಇನ್ನೂ ಉಳಿದಿದೆ. ಆಕೆಯ ಮಗ ಪೀಟ್ ಬೆಸ್ಟ್ 1941ರಲ್ಲಿ ನಮ್ಮ ಮದರಾಸಿನಲ್ಲಿ ಹುಟ್ಟಿದವನು. 1960ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾಂಬರ್ಗಿನಿಂದ ಕರೆಬಂದಾಗ ಮೇಳಕ್ಕೊಬ್ಬ ಡ್ರಮ್ ಬಾರಿಸುವವನು ಬೇಕಾಗಿದ್ದನು. ಪೀಟನ ಬಳಿ ಡ್ರಮ್ ಇತ್ತು, ಅವನೂ ಹೊರಟನು.

ಹ್ಯಾಂಬರ್ಗ್ ಕೂಡ ಬಂದರು. ಆದರೆ ಇಲ್ಲಿನದು ಬೇರೆಯೇ ಲೋಕ. ಕುಡುಕರೂ ನಾವಿಕರೂ ನೆರೆಯುವ ಬೀದಿಯ ‘ಇಂದ್ರಾ’ ಎಂಬ ಕ್ಲಬ್ಬಿನಲ್ಲಿ ರಾತ್ರಿಗೆ ನಾಲ್ಕೂವರೆ ಗಂಟೆ, ವಾರದ ಕೊನೆಗೆ ಆರು ಗಂಟೆ ನಿಂತು ಹಾಡಬೇಕು. ಮಲಗುವುದು ಸಿನಿಮಾ ಮಂದಿರವೊಂದರ ಪರದೆಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ. ಗೊತ್ತಿದ್ದ ಹಾಡುಗಳು ಮುಗಿದುಹೋದವು. ಒಂದೊಂದನ್ನೂ ಹಿಗ್ಗಿಸಿ, ಹೊಸದನ್ನು ಕಲಿತು, ಕುಣಿದು ಕೂಗಿ ಜನರನ್ನು ಹಿಡಿದಿಡಬೇಕಾಯಿತು. ಹದಿನೆಂಟು ತುಂಬದ ಹ್ಯಾರಿಸನ್ನನನ್ನು ಸರಕಾರದವರು ನವೆಂಬರಿನಲ್ಲಿ ಊರಿಗೆ ಅಟ್ಟಿದರು. ಉಳಿದವರೂ ಹಿಂದೆಯೇ ಬಂದರು. ಅದೇ ಡಿಸೆಂಬರ್ 27ರಂದು ಲಿದರ್‌ಲ್ಯಾಂಡಿನ ಪುರಭವನದಲ್ಲಿ ಅವರು ಹಾಡಿದಾಗ, ಜನರು ಕುಣಿಯುವುದನ್ನು ಬಿಟ್ಟು ವೇದಿಕೆಯ ಕಡೆಗೆ ನುಗ್ಗಿದರು. ಹೋದವರು ಕಲಿಕೆಯವರು, ಬಂದವರು ಕಲಾವಿದರು. ಮೇಳದಲ್ಲಿದ್ದ ಚಿತ್ರಕಾರ ಸ್ಟೂಅರ್ಟ್ ಸಟ್‌ಕ್ಲಿಫ್ ಮಾತ್ರ ಚಿತ್ರಕಲೆಯನ್ನೇ ನೆಚ್ಚಿ ಮುಂದೆ ಹ್ಯಾಂಬರ್ಗಿನಲ್ಲೇ ಉಳಿದನು. 1962ರ ಏಪ್ರಿಲಿನಲ್ಲಿ, ಇಪ್ಪತ್ತೊಂದರ ಎಳೆಹರೆಯದಲ್ಲಿ, ಮೆದುಳಿನ ರಕ್ತಸ್ರಾವದಿಂದ ಅಲ್ಲಿಯೇ ತೀರಿಕೊಂಡನು.

ಹದಿನೆಂಟು ಮೆಟ್ಟಿಲು

ಮ್ಯಾಥ್ಯೂ ಬೀದಿ ಹಣ್ಣುಹಂಪಲಿನ ಉಗ್ರಾಣಗಳಿದ್ದ ಕಿರಿದಾದ ಗಲ್ಲಿ. ಅಲ್ಲಿ ಹದಿನೆಂಟು ಮೆಟ್ಟಿಲಿಳಿದರೆ ಇಟ್ಟಿಗೆಯ ಕಮಾನುಗಳ ಮೂರು ಸುರಂಗ. ಅದೇ ಕ್ಯಾವರ್ನ್ ಕ್ಲಬ್ಬು. 1957ರಲ್ಲಿ ಜಾಜ್ ಸಂಗೀತಕ್ಕೆಂದು ಆರಂಭವಾದ ಈ ನೆಲಮಾಳಿಗೆಯಲ್ಲಿ ಬೀಟಲ್ಸ್ 1961ರ ಫೆಬ್ರುವರಿಯಿಂದ 1963ರ ಆಗಸ್ಟ್ 3ರವರೆಗೆ ಮುನ್ನೂರರ ಹತ್ತಿರ ಹತ್ತಿರ ಸಲ ಹಾಡಿದರು. ಅವುಗಳಲ್ಲಿ ಎಷ್ಟೋ ಕಚೇರಿಗಳು ಮಧ್ಯಾಹ್ನದ ಬಿಡುವಿನವು. ಸುತ್ತಲಿನ ಕಚೇರಿ ಅಂಗಡಿಗಳ ಹುಡುಗಿಯರು ಊಟದ ವೇಳೆಗೆ ಬಂದು, ಹಾಡು ಕೇಳಿ, ಬೆವರಿನ ವಾಸನೆಯನ್ನು ಬಟ್ಟೆಯಲ್ಲಿ ಹೊತ್ತು ಕೆಲಸಕ್ಕೆ ಮರಳುತ್ತಿದ್ದರು. ಗಾಳಿಯಾಡದ ಆ ಗುಹೆಯಲ್ಲಿ ಜನರ ಉಸಿರೇ ಗೋಡೆಯ ಮೇಲೆ ನೀರಾಗಿ ಇಳಿಯುತ್ತಿತ್ತು.

ಕೂಗಳತೆಯಲ್ಲಿದ್ದ ವೈಟ್‌ಚಾಪೆಲ್ ಬೀದಿಯಲ್ಲಿ ಬ್ರಯನ್ ಎಪ್ಸ್ಟೈನನ ಗ್ರಾಮಫೋನ್ ತಟ್ಟೆಗಳ ಅಂಗಡಿ. 1961ರ ನವೆಂಬರ್ 9ರಂದು, ಇಸ್ತ್ರಿಯ ಸೂಟು ತೊಟ್ಟ ಈ ವರ್ತಕ ಆ ಮೆಟ್ಟಿಲುಗಳನ್ನಿಳಿದು ಬಂದನು. ಕೆಲವೇ ವಾರಗಳಲ್ಲಿ ಮೇಳದ ವ್ಯವಸ್ಥಾಪಕನಾದನು. ಚರ್ಮದ ಅಂಗಿ ಬಿಡಿಸಿ ಸೂಟು ತೊಡಿಸಿದನು. ವೇದಿಕೆಯ ಮೇಲೆ ತಿನ್ನುವುದನ್ನೂ ಸೇದುವುದನ್ನೂ ನಿಲ್ಲಿಸಿದನು. ಹಾಡು ಮುಗಿದ ಮೇಲೆ ಒಟ್ಟಾಗಿ ಬಾಗಿ ನಮಿಸುವುದನ್ನು ಕಲಿಸಿದನು. 1962ರ ಹೊಸವರ್ಷದ ದಿನ ಲಂಡನ್ನಿನ ಡೆಕಾ ಕಂಪನಿಯವರು ಇವರ ಹಾಡನ್ನು ಪರೀಕ್ಷಿಸಿ, ಬೇಡವೆಂದರು. ಎಪ್ಸ್ಟೈನ್ ಬಾಗಿಲಿಂದ ಬಾಗಿಲಿಗೆ ಅಲೆದು, ಕೊನೆಗೆ ಇ.ಎಂ.ಐ. ಕಂಪನಿಯ ಪಾರ್ಲೊಫೋನ್ ಶಾಖೆಯ ಜಾರ್ಜ್ ಮಾರ್ಟಿನ್ ಎಂಬ ಸಂಗೀತಜ್ಞನನ್ನು ಕಂಡನು. ಜೂನ್ 6ರಂದು ಅಬ್ಬೆ ರೋಡಿನ ಧ್ವನಿಮುದ್ರಣಾಲಯದಲ್ಲಿ ಪರೀಕ್ಷೆ ನಡೆಯಿತು. ಹಾಡುಗಳಿಗಿಂತ ಹುಡುಗರ ಚಟಾಕಿಯ ಮಾತು ಮಾರ್ಟಿನ್ನನಿಗೆ ಹಿಡಿಸಿತು. ಪೀಟನ ಡ್ರಮ್ ಮಾತ್ರ ಹಿಡಿಸಲಿಲ್ಲ.

ಆಗಸ್ಟ್ 16ರಂದು ಎಪ್ಸ್ಟೈನ್ ಪೀಟನನ್ನು ಕಚೇರಿಗೆ ಕರೆಸಿ, ಇನ್ನು ನೀನು ಮೇಳದಲ್ಲಿಲ್ಲವೆಂದು ತಿಳಿಸಿದನು. ಎರಡು ವರ್ಷ ಒಂದೇ ತಟ್ಟೆಯಲ್ಲುಂಡ ಗೆಳೆಯರು ಮೂವರಲ್ಲಿ ಒಬ್ಬನೂ ಆಗ ಎದುರಿಗೆ ಬರಲಿಲ್ಲ. ಅವನ ಸ್ಥಾನಕ್ಕೆ ರೋರಿ ಸ್ಟಾರ್ಮನ ಮೇಳದಿಂದ ರಿಂಗೋ ಬಂದನು. ಕ್ಯಾವರ್ನಿನ ಅಭಿಮಾನಿಗಳು ರೊಚ್ಚಿಗೆದ್ದರು. ಗದ್ದಲದಲ್ಲಿ ಹ್ಯಾರಿಸನ್ನನ ಕಣ್ಣು ಕಪ್ಪಾಯಿತು. ಅಕ್ಟೋಬರ್ 5ರಂದು ಮೊದಲ ತಟ್ಟೆ ಹೊರಬಿತ್ತು. ರಿಂಗೋವಿನ ತಾಳಜ್ಞಾನ ಮೇಳಕ್ಕೆ ಹೊಂದಿತೆಂಬುದನ್ನು ಮುಂದಿನ ಚರಿತ್ರೆಯೇ ಸಾರಿತು. ಆದರೂ ಕೀರ್ತಿಯ ಹೊಸ್ತಿಲಿನಿಂದ ಹಿಂದಕ್ಕೆ ತಳ್ಳಿಸಿಕೊಂಡವನ ನೋವು ಅದರಿಂದ ಸುಳ್ಳಾಗುವುದಿಲ್ಲ. ಪೀಟ್ ಊರಲ್ಲೇ ಉಳಿದು, ನಿರುದ್ಯೋಗಿಗಳಿಗೆ ಕೆಲಸ ಹುಡುಕಿಕೊಡುವ ಸರಕಾರಿ ಕಚೇರಿಯಲ್ಲಿ ಬಹುಕಾಲ ದುಡಿದನು. 1995ರಲ್ಲಿ ಹಳೆಯ ಧ್ವನಿಮುದ್ರಣಗಳು ಪ್ರಕಟವಾದಾಗ ಅವನಿಗೂ ನ್ಯಾಯವಾದ ಪಾಲು ದೊರೆಯಿತು.

ಪುರಭವನದ ಮೊಗಸಾಲೆ

ಅನಂತರದ್ದು ಪ್ರವಾಹ. 1963ರ ಫೆಬ್ರುವರಿ 11ರಂದು ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ಮುದ್ರಿಸಿದರು; ಅವುಗಳಿಂದಾದ ಸಂಪುಟ ಮೂವತ್ತು ವಾರ ಅಗ್ರಸ್ಥಾನದಲ್ಲಿ ನಿಂತಿತು. ನವೆಂಬರಿನಲ್ಲಿ ರಾಜಮಾತೆಯ ಸಮ್ಮುಖದಲ್ಲಿ ಹಾಡಿದರು. 1964ರ ಫೆಬ್ರುವರಿ 9ರಂದು ಅಮೆರಿಕದಲ್ಲಿ ಸುಮಾರು 7 ಕೋಟಿ 30 ಲಕ್ಷ ಜನರು ದೂರದರ್ಶನದಲ್ಲಿ ಅವರನ್ನು ನೋಡಿದರು. ಏಪ್ರಿಲಿನಲ್ಲಿ ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಐದು ಸ್ಥಾನಗಳೂ ಅವರವೇ ಆದವು.

ಆ ಹೊತ್ತಿಗೆ ನಾಲ್ವರೂ ಲಂಡನ್ನಿಗೆ ಬಿಡಾರ ಬದಲಿಸಿದ್ದರು. 1964ರ ಜುಲೈ 10ರಂದು ಲಿವರ್‌ಪೂಲಿನಲ್ಲಿ ಪೌರಸನ್ಮಾನವೆಂದು ಗೊತ್ತಾದಾಗ ಅವರಿಗೆ ಅಂಜಿಕೆಯಾಯಿತಂತೆ. ಊರು ಬಿಟ್ಟು ಹೋದವರೆಂದು ಜನ ಮುಖ ತಿರುಗಿಸಿದರೆ? ಅಮೆರಿಕ ಮೆಚ್ಚಿದರೇನು, ಬೆಳೆದ ಬೀದಿಯವರು ಮೆಚ್ಚದಿದ್ದರೆ? ವಿಮಾನದಿಂದ ಇಳಿದು ಹೊರಟಾಗ ದಾರಿಯ ಎರಡೂ ಬದಿಯಲ್ಲಿ ಸುಮಾರು ಎರಡು ಲಕ್ಷ ಜನ ನೆರೆದಿದ್ದರು. ಪುರಭವನದ ಮೊಗಸಾಲೆಯ ಮೇಲೆ ನಿಂತು ಅವರು ಕೈ ಬೀಸಿದರು. ಹದಿನೆಂಟನೆಯ ಶತಮಾನದ ಆ ಕಟ್ಟಡವನ್ನು ಇಂದು ನೋಡುವ ಪ್ರವಾಸಿ ಒಂದು ಗಳಿಗೆ ಆ ಮೊಗಸಾಲೆಯತ್ತ ತಲೆಯೆತ್ತಿ ನಿಲ್ಲಬೇಕು. ಊರೂ ಮಕ್ಕಳೂ ಪರಸ್ಪರ ಸಾಲ ತೀರಿಸಿಕೊಂಡ ಸ್ಥಳವದು.

ದೂರದಿಂದ ಕಂಡ ಊರು

1966ರ ಆಗಸ್ಟಿನಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಅವರು ಟಿಕೆಟ್ಟಿನ ಕಚೇರಿಗಳನ್ನೇ ನಿಲ್ಲಿಸಿದರು; ಅಭಿಮಾನಿಗಳ ಕಿರಿಚಾಟದಲ್ಲಿ ತಮ್ಮ ಹಾಡು ತಮಗೇ ಕೇಳಿಸುತ್ತಿರಲಿಲ್ಲ. ಮುದ್ರಣಾಲಯದ ಏಕಾಂತದಲ್ಲಿ ಕುಳಿತಾಗ ಅವರಿಗೆ ನೆನಪಾದದ್ದು ಬಿಟ್ಟುಬಂದ ಊರು. ಬಸ್ಸು ಬದಲಿಸುತ್ತಿದ್ದ ಪೆನ್ನಿ ಲೇನ್ ಮೆಕಾರ್ಟ್ನಿಯ ಹಾಡಾಯಿತು. ದೊಡ್ಡಮ್ಮನೊಡನೆ ಬೇಸಗೆಯ ಜಾತ್ರೆಗೆ ಹೋಗುತ್ತಿದ್ದ, ಸಾಲ್ವೇಷನ್ ಆರ್ಮಿಯ ಅನಾಥಾಲಯ ಸ್ಟ್ರಾಬೆರಿ ಫೀಲ್ಡ್ ಲೆನನ್ನನ ಹಾಡಾಯಿತು. 1967ರ ಫೆಬ್ರುವರಿಯಲ್ಲಿ ಒಂದೇ ತಟ್ಟೆಯ ಎರಡು ಮುಖಗಳಾಗಿ ಇವು ಹೊರಬಂದುವು. ಪೆನ್ನಿ ಲೇನಿನ ನಾಮಫಲಕವನ್ನು ಅಭಿಮಾನಿಗಳು ಪದೇ ಪದೇ ಕದ್ದೊಯ್ದುದರಿಂದ ಬೀದಿಯ ಹೆಸರನ್ನು ಗೋಡೆಯ ಮೇಲೆಯೇ ಬರೆಯಿಸಬೇಕಾಯಿತು. ಅನಾಥಾಲಯದ ಕೆಂಪು ಗೇಟಿನ ಒಳಗಣ ತೋಟ 2019ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

1967ರ ಆಗಸ್ಟಿನಲ್ಲಿ ಎಪ್ಸ್ಟೈನ್ ಮೂವತ್ತೆರಡನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಮರುವರ್ಷ ನಾಲ್ವರೂ ಹೃಷಿಕೇಶದಲ್ಲಿ ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದು, ಗಂಗೆಯ ದಡದಲ್ಲಿ ಧ್ಯಾನ ಕಲಿಯುತ್ತ ಎಷ್ಟೋ ಹಾಡು ಕಟ್ಟಿದರು. ಹ್ಯಾರಿಸನ್ ಅದಕ್ಕೆ ಮುಂಚೆಯೇ ಪಂಡಿತ ರವಿಶಂಕರರ ಶಿಷ್ಯನಾಗಿ ಸಿತಾರ್ ಹಿಡಿದಿದ್ದನು. ಆದರೆ ಒಡಕು ಬಂದಾಗಿತ್ತು. ವ್ಯವಹಾರದ ಜಗಳ, ಬೇರೆಬೇರೆಯಾದ ದಾರಿಗಳು. 1970ರ ಏಪ್ರಿಲಿನಲ್ಲಿ ಮೇಳ ಮುರಿಯಿತು.

ಅತ್ತ ಊರಿನ ದಿನಗಳೂ ಕೆಟ್ಟವು. ಸರಕು ಸಾಗಣೆಗೆ ದೊಡ್ಡ ಉಕ್ಕಿನ ಪೆಟ್ಟಿಗೆಗಳು ಬಂದವು. ಹಳೆಯ ಕಟ್ಟೆಗಳೂ ಕೂಲಿಗಳೂ ಬೇಡವಾದರು. 1931ರಲ್ಲಿ ಎಂಟೂವರೆ ಲಕ್ಷ ಜನರಿದ್ದ ನಗರದಲ್ಲಿ 2001ರ ಹೊತ್ತಿಗೆ ಸುಮಾರು ನಾಲ್ಕು ಲಕ್ಷ ನಲವತ್ತು ಸಾವಿರ ಜನ ಉಳಿದಿದ್ದರು. 1972ರಲ್ಲಿ ಆಲ್ಬರ್ಟ್ ಕಟ್ಟೆ ಮುಚ್ಚಿತು. ಮರುವರ್ಷ, ನೆಲದಡಿಯ ರೈಲಿಗೆ ಗಾಳಿಯ ಕೊಳವೆ ತೋಡಬೇಕೆಂದು ಕ್ಯಾವರ್ನನ್ನೇ ಮುಚ್ಚಿ, ಮೇಲಿನ ಉಗ್ರಾಣವನ್ನು ಕೆಡವಿದರು. ಜಗತ್ತು ಪೂಜಿಸುತ್ತಿದ್ದ ಸ್ಥಳದ ಬೆಲೆ ಊರಿಗೇ ತಿಳಿಯಲಿಲ್ಲ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಲೆನನ್ ಗುಂಡಿಗೆ ಬಲಿಯಾದಾಗ, ಸೇಂಟ್ ಜಾರ್ಜ್ ಸಭಾಭವನದ ಮುಂದೆ ಸಾವಿರಾರು ಜನ ಸೇರಿ ಅತ್ತರು. ಕಳೆದುಕೊಂಡುದೇನೆಂಬುದು ಬಹುಶಃ ಅಂದು ಅರಿವಾಯಿತು. 1984ರಲ್ಲಿ ಹಳೆಯ ಇಟ್ಟಿಗೆಗಳನ್ನೇ ಬಹುವಾಗಿ ಬಳಸಿ ಕ್ಯಾವರ್ನನ್ನು ಮರಳಿ ಕಟ್ಟಿದರು. ವಿಮಾನ ನಿಲ್ದಾಣಕ್ಕೆ ಲೆನನ್ನನ ಹೆಸರಿಟ್ಟರು. 2015ರಲ್ಲಿ ನದಿಯ ದಡದಲ್ಲಿ ನಾಲ್ವರ ಕಂಚಿನ ಪ್ರತಿಮೆಗಳು ನಿಂತವು. ಹಡಗು ತಂದುಕೊಡುತ್ತಿದ್ದ ಅನ್ನದಲ್ಲಿ ಒಂದಷ್ಟನ್ನು ಈಗ ಹಾಡು ತಂದುಕೊಡುತ್ತಿದೆ.

ಸ್ಮಾರಕಗಳನ್ನು ನೋಡಿ ದಣಿದ ಪ್ರವಾಸಿ ಕೊನೆಗೆ ಮೌಂಟ್ ಬೀದಿಯ ಕಡೆಗೆ ನಡೆಯಬೇಕು. ಮೆಕಾರ್ಟ್ನಿ, ಹ್ಯಾರಿಸನ್ ಇಬ್ಬರೂ ಓದಿದ ಹಳೆಯ ಶಾಲೆ ಅಲ್ಲಿದೆ. 1985ರಲ್ಲಿ ಶಾಲೆ ಮುಚ್ಚಿ ಕಟ್ಟಡ ಹಾಳುಬಿದ್ದಿತ್ತು. ಮೆಕಾರ್ಟ್ನಿ ಮುಂದಾಳಾಗಿ ನಿಂತು ಅದನ್ನು ಸಂಗೀತ ನಾಟಕಗಳ ವಿದ್ಯಾಲಯವಾಗಿ ಮಾಡಿಸಿ, 1996ರಲ್ಲಿ ತೆರೆಯಿಸಿದನು. ಒಂದು ಸ್ವರಮೇಳವನ್ನು ಕಲಿಯಲು ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಅಲೆದವನು, ಅದೇ ಊರಿನ ನಡುವೆ ಕಲಿಯುವವರಿಗೊಂದು ನೆಲೆ ಮಾಡಿಕೊಟ್ಟನು. ಕಂಚಿನ ಪ್ರತಿಮೆಗಳಿಗಿಂತ ಈ ಬಾಗಿಲಿನ ಮುಂದೆ ನಿಂತಾಗಲೇ ಲಿವರ್‌ಪೂಲಿನ ಆ ನಾಲ್ವರನ್ನು ಹತ್ತಿರದಿಂದ ಕಂಡಂತಾಗುತ್ತದೆ.